ಮೀನಿನ ಮುದ್ದೆ

ಮಿಲಿಟರಿಯವನು ತಿಂದರೆ ಮೀನು ಬದುಕುತ್ತೆ, ಮೀನು ತಿಂದರೆ ಮೀನೇ ಸಾಯುತ್ತೆ. ಏನದು? ಬಿಡಿ, ನಿಮ್ಮಪ್ಪನಾಣೆಗೂ ಗೊತ್ತಾಗಲ್ಲ.

ಚಾಮರಾಜಪೇಟೆಯ ನಮ್ಮ ಪಕ್ಕದ ಮನೆ ಮಿಲಿಟರಿ ಅಣ್ಣ ರಜೆಗೆ ಬಂದಿದ್ದ. ಹೊಳೆಯಲ್ಲಿ ಮೀನು ಹಿಡಿದೇ ವಾಪಸ್ ಬರ್ತೀನಿ ಅಂತ ಕ್ಯಾಂಪಲ್ಲಿ ಪಂಥ ಕಟ್ಟಿದ್ದನಂತೆ. ನಾಳೆಗೆ ರಜೆ ಖಲಾಸ್. ನನಗೆಲ್ಲಾ ಗೊತ್ತು ಅಂತ ಕೊಚ್ಚಿಕೊಂಡು ನಾನೇ ಗೈಡ್ ಆದೆ. ಬೆಳಗಿನ ಬಸ್ಸಿಗೆ ಹೋಗಿ, ಕಾವೇರಿ ದಡದಲ್ಲಿ ಗಾಳದ ದಾರದ ಗಂಟು ಬಿಡಿಸಿ ತಿರುಗಿದರೆ ನಾನು ತಂದಿದ್ದ ಡಬ್ಬಿ ಖಾಲಿ.

"ಅಣ್ಣಾ, ಮುದ್ದೆ ಎಲ್ಲಿ?"

"ತಿಂದೆ ಕಣೋ. ಅಲ್ಲಿ ದಿನಾ ಬರೀ ರೊಟ್ಟಿ. ಸಾರು ಯಾಕೋ ತರಲಿಲ್ಲ?"

"ಮೀನೇನು ಸಾರು ಕೇಳುತ್ತಾ ಅಣ್ಣಾ? ಅದು ಗಾಳಕ್ಕೆ ಸಿಕ್ಕಿಸೋಕೆ ತಂದಿದ್ದು. ಮೊನ್ನೇದು."

ಅಣ್ಣ ಬೆರಳು ನೆಕ್ಕಿದ. "ಅದಕ್ಕೇ ಹುಳಿ ಹದವಾಗಿತ್ತು."

ಆಮೇಲೆ ಬರೀ ಗಾಳಾನೇ ಮೊಳದುದ್ದದ ಮೀನು ಕಚ್ಚಿತು, ಫೋಟೋ ತೆಗೆಯೋಷ್ಟರಲ್ಲಿ ಜಾರಿ ನೀರಿಗೆ ಬಿತ್ತು. ಈ ಕೊನೇದನ್ನ ಮಾತ್ರ ನಾನೇ ಕಟ್ಟಿದ್ದು. ಅಣ್ಣ ಅದನ್ನ ಬಾಯಿಪಾಠ ಮಾಡ್ಕೊಂಡು ರೈಲು ಹತ್ತಿದ.