ಸೂಜಿ ಮುಟ್ಟದ ಸೋಮವಾರ

ಅಕ್ಕಿಪೇಟೆಯ ಬೂಸಾ ವ್ಯಾಪಾರಿ ರೇವಣಸಿದ್ದಯ್ಯನವರದು ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ತಕ್ಕಡಿ ಹಿಡಿದರೂ ಕಣ್ಣು ಬೀದಿಯಲ್ಲಿ. ಗಾಡಿಯವನೊಬ್ಬ ಎತ್ತಿಗೆ ಬಾರುಕೋಲು ಬೀಸಿದನೋ, ಗಿರಾಕಿಯನ್ನು ಬಿಟ್ಟು ಜಗಳಕ್ಕೆ ಓಡಿದರೆಂದೇ ಲೆಕ್ಕ. ಊರ ಉಸಾಬರಿಯೆಲ್ಲ ತಲೆ ಮೇಲೆ ಹೊತ್ತ ಇಂಥವರನ್ನು, ಸ್ವಾತಂತ್ರ್ಯ ಬಂದ ಮರುವರ್ಷ, ಪ್ರಾಣಿದಯಾ ಸಂಘದವರು ಹುಡುಕಿಕೊಂಡು ಬಂದರು. ಊರಾಚೆ ದನಗಳ ದೊಡ್ಡರೋಗಕ್ಕೆ ಮದ್ದು ಹುಡುಕುವ ಪ್ರಯೋಗಶಾಲೆಯೊಂದಿತ್ತು. ಅಲ್ಲಿನ ಎತ್ತುಗಳನ್ನು ವಾರಕ್ಕೊಮ್ಮೆ ನೋಡಿ, ಅತಿಯಾದ ಹಿಂಸೆಯಿಲ್ಲವೆಂದು ಇವರು ಒಪ್ಪಿದರೆ ಮಾತ್ರ ಪ್ರಯೋಗ ಮುಂದುವರಿಯಬೇಕು.

ಮೊದಲ ದಿನವೇ ರೇವಣಸಿದ್ದಯ್ಯನವರು ಅಲ್ಲಿನ ಡಾಕ್ಟರ್ ವರದರಾಜರಿಗೆ ಕಟ್ಟಪ್ಪಣೆ ಮಾಡಿದರು. "ಸೋಮವಾರ ಬಸವಣ್ಣನ ದಿನ. ನಮ್ಮಲ್ಲಿ ಅವತ್ತು ಎತ್ತಿಗೆ ನೊಗ ಹೂಡಲ್ಲ. ನೀವೂ ಸೂಜಿ ಮುಟ್ಟಿಸ್ಬೇಡಿ."

ಡಾಕ್ಟರು ಒಪ್ಪಿದರು. ಭೇಟಿಗೂ ಸೋಮವಾರವೇ ಒಳ್ಳೆಯ ದಿನವೆಂದು ಇವರಿಗೆ ತೋರಿತು. ಚಾಮರಾಜಪೇಟೆಯ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಬೆಲ್ಲದ ಅಚ್ಚು ಹಿಡಿದು ಹೊರಡುವರು. ಕೆಂದೆತ್ತೊಂದು ಅವರ ಅಂಗೈ ನೆಕ್ಕುವುದು. ಎಲ್ಲಾ ಕ್ಷೇಮ ಎಂದು ಹೇಳಿ ಬರುವರು.

ಆದರೂ ನೆಮ್ಮದಿಯಿಲ್ಲ. ವಾರದಿಂದ ವಾರಕ್ಕೆ ಕೆಂದೆತ್ತು ಬಡವಾಗುತ್ತಿತ್ತು. ತಮ್ಮದೇ ಅಂಗಡಿಯ ಬೂಸಾ ತಿಂದೂ ಸೊರಗುವುದೆಂದರೇನು! ಒಂದು ಸೋಮವಾರ ಅಲ್ಲಿಂದ ಬಂದವರು ಎಲೆ ಮುಂದೆ ಕೂತು ಎದ್ದರು, ಜಗಲಿಯಲ್ಲಿ ಅಡ್ಡಾಡಿದರು, ಮತ್ತೆ ಕೂತರು.

ಹೆಂಡತಿ ಗುರುಬಸಮ್ಮನಿಗೆ ಸಾಕಾಯಿತು. "ಅಲ್ಲಾ ಅಂದ್ರೆ, ಅವ್ರು ಕೈಕಟ್ಟಿ ಕೂರೋ ದಿನಾನೇ ನೋಡಕ್ಕೆ ಹೋದ್ರೆ ನಿಮ್ಗೇನ್ ಕಾಣ್ಸತ್ತೆ?"

ಮಂಗಳವಾರ ಅಂಗಡಿ ಬಾಗಿಲನ್ನೂ ತೆಗೆಯದೆ ಜಟಕಾ ಹತ್ತಿದರು. ಅಲ್ಲಿ ಕೆಂದೆತ್ತನ್ನು ಹಗ್ಗದಿಂದ ಬಿಗಿದು, ಕತ್ತಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಿದ್ದರು. ಅದರ ಮುಂಗಾಲು ಕುಸಿಯುತ್ತಿತ್ತು. ಇವರು ಬೆಲ್ಲ ಚಾಚಿದರೆ ಬೆಚ್ಚಿ ಮುಖ ತಿರುಗಿಸಿತು.

"ಇಷ್ಟೊಂದು ರಕ್ತವಾ ಡಾಕ್ಟ್ರೇ?"

"ದಿನಕ್ಕಿಷ್ಟು ಅಂತ ತೆಗೀಬೇಕು ಯಜಮಾನ್ರೇ. ನೀವು ಹೇಳಿದ್ರಿ ಅಂತ ಸೋಮವಾರ ಮುಟ್ಟಲ್ಲ. ಆ ಪಾಲನ್ನೂ ಸೇರ್ಸಿ ಮಂಗಳವಾರ ಎರಡರಷ್ಟು ತೆಗೀತೀವಿ. ಇಲ್ದಿದ್ರೆ ಪ್ರಯೋಗ ಕೆಟ್ಟೋಗತ್ತೆ."

ರೇವಣಸಿದ್ದಯ್ಯನವರು ಬೆಲ್ಲದ ಅಚ್ಚನ್ನು ಜೇಬಿಗಿಳಿಸಿದರು. ತಾವು ಕಟ್ಟಿಕೊಂಡ ಪುಣ್ಯದ ಗಂಟನ್ನು ಇಷ್ಟು ದಿನ ಆ ಮೂಕಪ್ರಾಣಿ ಹೊತ್ತಿತ್ತು. ನಾಚಿಕೆಯಿಂದ ಮೈ ಹಿಡಿಯಾಯಿತು. ಎಲ್ಲ ನಿಲ್ಲಿಸಿ ಎನ್ನೋಣವೆಂದರೆ, ದೊಡ್ಡರೋಗ ಬಂದು ಹಟ್ಟಿಗೆ ಹಟ್ಟಿಯೇ ಬರಿದಾದದ್ದನ್ನು ಕಂಡವರು ಅವರು.

"ಕೆಂದೆತ್ತನ್ನ ಬಿಟ್ಬಿಡಿ, ಸುಧಾರಿಸ್ಕೊಳ್ಲಿ," ಎಂದರು. "ಉಳಿದವಕ್ಕೆ... ಸೋಮವಾರದ್ದು ಸೋಮವಾರಾನೇ ತೆಗೀರಿ. ಎರಡರಷ್ಟು ಬೇಡ."

ಮುಂದಿನ ಸೋಮವಾರವೂ ವಿಭೂತಿ ಧರಿಸಿಯೇ ಬಂದರು. ಇನ್ನೊಂದು ಎತ್ತಿನ ಕೊಂಬು ಹಿಡಿದು, ಸೂಜಿ ಒಳಗೆ ಹೋಗುವುದನ್ನು ಕಣ್ಣು ಮುಚ್ಚದೆ ನೋಡಿದರು. ಬೆಲ್ಲದ ಅಚ್ಚು ಜೇಬಿನಲ್ಲೇ ಉಳಿಯಿತು. ಅದನ್ನು ಕೊಡಲು ಅವರಿಗೆ ಮುಖವಿರಲಿಲ್ಲ.