ಗಿರಿಜಾಬೆನ್ ವಾಪಸು ಕೇಳಿದ ನೋಟ್‌ಬುಕ್ಕುಗಳು

ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದ ಗಿರಿಜಾ ಮೊದಲ ಸಲ ವಿದೇಶಕ್ಕೆ ಹೊರಟದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ. ಢಾಕಾದ ಒಂದು ಗಿರಣಿಯಲ್ಲಿ ಇವರ ಕಾರ್ಖಾನೆಯ ಕಡುನೀಲಿ ಬಣ್ಣ ಬಟ್ಟೆಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ, ತೊಳೆದರೆ ಅಂಚಿನಲ್ಲಿ ಕೆಂಪು ಬಿಡುತ್ತಿತ್ತು. ಅಲ್ಲಿಯವರು ಮಾಲೀಕರನ್ನು ಕೇಳಲಿಲ್ಲ, ಮಾರಾಟದವರನ್ನು ಕೇಳಲಿಲ್ಲ, "ಗಿರಿಜಾಬೆನ್ ಅವರನ್ನೇ ಕಳಿಸಿ" ಎಂದರು. ಆ ಒಂದು ಮಾತಿಗೆ ಅವಳ ಕಾಲು ಒಂದು ವಾರ ನೆಲದ ಮೇಲೆ ನಿಂತಿರಲಿಲ್ಲ.

ಗದಗಿನ ಶಾಲಾ ಮಾಸ್ತರರ ಮಗಳು ಅವಳು. ಅಕ್ಕ ಎಂಬರ್ಥದ ಆ 'ಬೆನ್' ಗುಜರಾತಿಗಳು ಸೇರಿಸಿದ್ದು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಬ್ಯಾಂಕಿನಲ್ಲಿದ್ದ ಕೃಷ್ಣಮೂರ್ತಿಯನ್ನು ಮದುವೆಯಾಗಿ, ಅವನಿಗೆ ವರ್ಗವಾದಾಗ ಜೊತೆಯಲ್ಲಿ ಅಹಮದಾಬಾದಿಗೆ ಬಂದಳು. ಮೂರು ವರ್ಷಕ್ಕೆಂದು ಬಂದವರು ಮಣಿನಗರದಲ್ಲಿ ಮನೆ ಮಾಡಿ ಉಳಿದೇ ಹೋದರು. ಗಂಡನಿಗೆ ಮತ್ತೆ ಮತ್ತೆ ವರ್ಗವಾಯಿತು; ಅವನು ರಾಜಕೋಟ್‌ಗೆ, ಭುಜ್‌ಗೆ ಹೋಗಿ ಬಂದ. ಗಿರಿಜಾ ಮಾತ್ರ ಲ್ಯಾಬ್ ಬಿಟ್ಟು ಕದಲಲಿಲ್ಲ. ಯಾವ ಬಣ್ಣಕ್ಕೆ ಎಷ್ಟು ಉಪ್ಪು, ಎಷ್ಟು ಸೋಡಾ, ಎಷ್ಟು ಬಿಸಿ ಎಂಬುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಬೆರಳಗಲದ ಬಟ್ಟೆಯ ಚೂರು ಅಂಟಿಸುತ್ತಿದ್ದಳು. ಕಾರ್ಖಾನೆಯ ದಾಖಲೆ ಬೇರೆ, ಇದು ಅವಳ ಸ್ವಂತದ್ದು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅಂಥ ಹನ್ನೊಂದು ನೋಟ್‌ಬುಕ್ಕು ಮನೆಯ ಕಪಾಟಿನಲ್ಲಿದ್ದವು.

ಅಹಮದಾಬಾದಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವವನು ಕಂಪ್ಯೂಟರಿನ ಪರದೆ ನೋಡಿದ, ಅವಳ ಮುಖ ನೋಡಿದ, ಮತ್ತೆ ಪರದೆ ನೋಡಿದ. "ಬೆನ್, ಸ್ವಲ್ಪ ಈ ಕಡೆ ಬನ್ನಿ" ಎಂದ. ಆ ಸ್ವಲ್ಪ ಒಂಬತ್ತು ತಾಸಾಯಿತು.

ಕಿಟಕಿಯಿಲ್ಲದ ಕೋಣೆಯಲ್ಲಿ ಅವಳ ಮುಂದೆ ಕೂತವರು ಮೂವರು. ಇಬ್ಬರು ಪರದೇಶದವರು, ಅಂತರರಾಷ್ಟ್ರೀಯ ಜಂಟಿ ಪೊಲೀಸ್ ಬ್ಯೂರೋದ ಅಧಿಕಾರಿಗಳು. ಹಲವು ದೇಶಗಳು ಸೇರಿ ಕಟ್ಟಿದ ಕಚೇರಿ ಅದು. ಮೂರನೆಯವನು ಇಲ್ಲಿಯ ಇನ್‌ಸ್ಪೆಕ್ಟರ್ ನಿತಿನ್‌ಭಾಯ್. ಅವನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಪ್ರಶ್ನೆ ಕೇಳಿದವರು ಆ ಇಬ್ಬರೇ. ದೂರದ ಯಾವುದೋ ಬಂದರಿನಲ್ಲಿ ಮಾದಕ ಪುಡಿ ತುಂಬಿದ ನಲವತ್ತು ಡ್ರಮ್ಮು ಸಿಕ್ಕಿದ್ದವಂತೆ. ಡ್ರಮ್ಮುಗಳ ಮೇಲೆ ಅವಳ ಕಾರ್ಖಾನೆಯ ಚೀಟಿ, ಚೀಟಿಯ ಮೇಲೆ "ಪರೀಕ್ಷಿಸಿದವರು" ಎಂದು ಅವಳ ಹೆಸರು, ಸಹಿ.

"ನಮ್ಮಿಂದ ಹೋದದ್ದು ಬಣ್ಣ," ಎಂದಳು ಗಿರಿಜಾ. "ಬಣ್ಣ ಖಾಲಿಯಾದ ಮೇಲೆ ಡ್ರಮ್ಮನ್ನು ಗುಜರಿಗೆ ಹಾಕುತ್ತಾರೆ. ಅದರಲ್ಲಿ ಯಾರು ಏನು ತುಂಬಿದರು ಎಂದು ವಟ್ವಾದಲ್ಲಿ ಕೂತವಳಿಗೆ ಹೇಗೆ ಗೊತ್ತಾಗಬೇಕು?"

ಅವರು ಬರೆದುಕೊಂಡರು. ಮತ್ತೆ ಮೊದಲಿನಿಂದ ಅದೇ ಪ್ರಶ್ನೆ ಕೇಳಿದರು. ಹತ್ತು ಬೆರಳಿನ ಗುರುತು ತೆಗೆದುಕೊಂಡರು, ಫೋನು, ಪಾಸ್‌ಪೋರ್ಟು ತೆಗೆದುಕೊಂಡರು. ಬಚ್ಚಲಿಗೆ ಹೋಗಬೇಕೆಂದು ಮೂರು ಸಲ ಕೇಳಿದ ಮೇಲೆ ಒಂದು ಸಲ ಬಿಟ್ಟರು. ವಕೀಲರನ್ನು ಕರೆಯಲೇ ಎಂದಾಗ ಇಬ್ಬರಲ್ಲಿ ಹಿರಿಯವನು ನಕ್ಕ. ಅದು ಕೆಟ್ಟ ನಗೆಯಲ್ಲ, ಮಗುವಿನ ಪೆದ್ದು ಮಾತಿಗೆ ನಗುವ ನಗೆ. ಅದನ್ನೇ ಅವಳು ಇವತ್ತಿಗೂ ಮರೆತಿಲ್ಲ.

ಸಂಜೆ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಮಣಿನಗರಕ್ಕೆ ಬಂದರು. ಕೃಷ್ಣಮೂರ್ತಿ ಬನಿಯನ್ನಿನಲ್ಲೇ ಬಾಗಿಲು ತೆಗೆದ. ಹೆಂಡತಿ ಢಾಕಾದಲ್ಲಿ ಇಳಿದಿರಬೇಕು ಎಂದುಕೊಂಡಿದ್ದವನಿಗೆ ಅವಳ ಹಿಂದೆ ಮೂವರು ನಿಂತಿರುವುದು ಕಂಡಿತು.

"ಏನಾತು ಗಿರಿಜಾ?"

"ಗೊತ್ತಿಲ್ಲರೀ. ಮನೀ ನೋಡ್ತಾರಂತ."

ಕೃಷ್ಣಮೂರ್ತಿ ಬ್ಯಾಂಕಿನ ಮನುಷ್ಯ, ಕಾಗದ ನೋಡದೆ ಒಂದು ಹೆಜ್ಜೆ ಇಡುವವನಲ್ಲ. "ಸರ್ಚ್ ವಾರಂಟ್ ತೋರಿಸಿ" ಎಂದು ಹಿಂದಿಯಲ್ಲಿ ಕೇಳಿದ. ನಿತಿನ್‌ಭಾಯ್ ಅವನನ್ನು ಪಕ್ಕಕ್ಕೆ ಕರೆದು, "ಸಾಹೇಬ್, ಇವರಿಗೆ ಅದೆಲ್ಲ ಬೇಕಿಲ್ಲ. ಹೊಸ ಒಪ್ಪಂದ ಆಗಿದೆ. ನಾನು ಬರೀ ಜೊತೆಗೆ ಬಂದವನು" ಎಂದ. ಆ ಇಬ್ಬರು ಕಪಾಟು ತೆಗೆದು ಹಳೆಯ ಫೋಟೋ ಆಲ್ಬಮ್ಮುಗಳನ್ನು ನೆಲಕ್ಕೆ ಹಾಕಿದರು. ಆಮೇಲೆ ನೋಟ್‌ಬುಕ್ಕುಗಳು ಸಿಕ್ಕವು. ಪುಟ ತಿರುವಿದರು. ತಿಳಿಯದ ಲಿಪಿ, ಅಂಕಿಗಳು, ಬಣ್ಣಬಣ್ಣದ ಚೂರು ಬಟ್ಟೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಹನ್ನೊಂದನ್ನೂ ಚೀಲಕ್ಕೆ ಹಾಕಿದರು.

"ರಸೀದಿ ಕೊಡಿ," ಎಂದಳು ಗಿರಿಜಾ.

ಕೊಡಲಿಲ್ಲ. ಅವರ ಹೆಸರೇನೆಂದು ಕೇಳಿದಳು. ಅದನ್ನೂ ಹೇಳಲಿಲ್ಲ. ಇಪ್ಪತ್ತೆಂಟು ವರ್ಷ ಪ್ರತಿ ಡ್ರಮ್ಮಿನ ಮೇಲೆ ತನ್ನ ಹೆಸರು ಬರೆದು, ಏನಾದರೂ ಕೆಟ್ಟರೆ ನಾನು ಹೊಣೆ ಎಂದು ಸಹಿ ಹಾಕಿದವಳ ಮನೆಯಿಂದ, ಹೆಸರನ್ನೂ ಹೇಳದವರು ಅವಳ ಅಕ್ಷರವನ್ನೆಲ್ಲ ಹೊತ್ತುಕೊಂಡು ಹೋದರು. ಬಾಗಿಲು ಹಾಕಿಕೊಂಡ ಮೇಲೆ ಗಿರಿಜಾ ಅಳಲಿಲ್ಲ. ಚೆಲ್ಲಿದ ಫೋಟೋಗಳನ್ನು ಕೃಷ್ಣಮೂರ್ತಿ ಆರಿಸುತ್ತಿದ್ದರೆ ಅವಳು ನಿಂತಲ್ಲೇ ನಿಂತು, "ಕಳ್ಳರು ಬಂದಿದ್ರ ಪೊಲೀಸರಿಗೆ ಹೇಳಬಹುದಿತ್ತು. ಈಗ ಯಾರಿಗೆ ಹೇಳೋದ್ರೀ?" ಎಂದಳು.

ಮೂರು ತಿಂಗಳಲ್ಲಿ ಇಲ್ಲಿಯ ಪೊಲೀಸರೇ ತನಿಖೆ ಮುಗಿಸಿ ಪತ್ರ ಕೊಟ್ಟರು: ಡ್ರಮ್ಮುಗಳನ್ನು ಗುಜರಿಯಿಂದ ಕೊಂಡವರು ಬೇರೆ, ಗಿರಿಜಾಗೂ ಇದಕ್ಕೂ ಸಂಬಂಧವಿಲ್ಲ. ಪಾಸ್‌ಪೋರ್ಟೂ ವಾಪಸಾಯಿತು. ಆದರೆ ಬ್ಯೂರೋದ ಶಂಕಿತರ ಪಟ್ಟಿಯಲ್ಲಿ ಹೆಸರು ಹಾಗೇ ಉಳಿಯಿತು. ಆ ಪಟ್ಟಿ ನೋಡಿದ ವಿದೇಶದ ಗಿರಾಕಿಗಳು ಅವಳು ಸಹಿ ಮಾಡಿದ ಸರಕು ಬೇಡವೆಂದರು. ಮಾಲೀಕರು ಅವಳನ್ನು ಕರೆದು ಚಹಾ ಕೊಟ್ಟು, ಬಹಳ ಗೌರವದಿಂದ ಮಾತಾಡಿ, ನಾಳೆಯಿಂದ ಬರುವುದು ಬೇಡ ಎಂದರು. ಗಿರಿಜಾ ಚಹಾ ಮುಟ್ಟದೆ ಎದ್ದು ಬಂದಳು.

ವಕೀಲೆ ನಿಕಿತಾ ಸಿಕ್ಕಿದ್ದು ಮಗಳು ಪೂರ್ವಿಯ ಗೆಳತಿಯ ಮೂಲಕ. ಮೂವತ್ತು ದಾಟಿರದ ಗುಜರಾತಿ ಹುಡುಗಿ, ಸುತ್ತಿ ಬಳಸಿ ಮಾತಾಡುವುದು ಗೊತ್ತಿಲ್ಲ. "ಗಿರಿಜಾಬೆನ್, ಮೊದಲೇ ಹೇಳಿಬಿಡುತ್ತೇನೆ. ಅವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಸರ್ಕಾರ ಅವರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ. ಕೆಲಸದ ಮೇಲಿದ್ದಾಗ ಅವರು ಏನು ಮಾಡಿದರೂ, ಏನು ಹೇಳಿದರೂ ಯಾವ ಕೋರ್ಟೂ ಪ್ರಶ್ನಿಸುವ ಹಾಗಿಲ್ಲ. ಅವರ ಕಡತವನ್ನು ಯಾರೂ ತೆರೆಸುವ ಹಾಗಿಲ್ಲ. ನಿಮ್ಮ ನೋಟ್‌ಬುಕ್ಕು ಈಗ ಅವರ ಕಡತ."

"ನನ್ನ ನೋಟ್‌ಬುಕ್ಕು ಅವರ ಕಡತ ಹೇಗಾಯಿತು?"

"ಅವರ ಕೈಗೆ ಹೋದ ಕೂಡಲೇ ಆಯಿತು."

"ಹಾಗಾದರೆ ನಾಳೆ ಅವರು ನನ್ನನ್ನೇ ಎತ್ತಿಕೊಂಡು ಹೋದರೆ ನಾನೂ ಕಡತವೇ?"

ನಿಕಿತಾ ಒಂದು ಖಾಲಿ ಹಾಳೆ ಎಳೆದುಕೊಂಡು ಬರೆಯಲು ಶುರು ಮಾಡಿದಳು.

ಮೊದಲ ಅರ್ಜಿ ಅಹಮದಾಬಾದಿನ ಕೋರ್ಟಿನಲ್ಲಿ ಆರು ನಿಮಿಷ ನಡೆಯಿತು. ಬ್ಯೂರೋಗೆ ನೋಟಿಸ್ ಕಳಿಸಲು ಕಾನೂನು ಬಿಡುವುದಿಲ್ಲ ಎಂದು ನ್ಯಾಯಾಧೀಶರು ಬೇಸರದಿಂದಲೇ ಹೇಳಿ ಮುಂದಿನ ಕಡತ ತೆಗೆದುಕೊಂಡರು. ಹೊರಗೆ ಬಂದ ಗಿರಿಜಾ ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. ಹೆದರಿಕೆಯಿಂದ ಎಂದುಕೊಂಡ ಕೃಷ್ಣಮೂರ್ತಿ ನೀರಿನ ಬಾಟಲಿ ಚಾಚಿದ. ಅವಳು ಅದನ್ನು ಕಸಿದುಕೊಂಡು ಮೆಟ್ಟಿಲ ಮೇಲೆ ಬೀಸಿ ಒಗೆದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅಂಥದ್ದನ್ನು ನೋಡಿರಲಿಲ್ಲ.

ಅಷ್ಟರಲ್ಲಿ ವಡೋದರದಿಂದ ಕರೆ ಬಂತು. ಅಲ್ಲಿ ನಿವೃತ್ತ ಪ್ರಾಧ್ಯಾಪಕ ಸುಬ್ರಹ್ಮಣ್ಯ ಎಂಬ ಮೈಸೂರಿನ ಕಡೆಯವರೊಬ್ಬರು ನಾಗರಿಕ ಹಕ್ಕುಗಳ ಸಭೆ ಏರ್ಪಡಿಸಿದ್ದರು. "ನೀವು ಬಂದು ಎರಡು ಮಾತಾಡಬೇಕು ತಾಯಿ" ಎಂದರು. ಸಭೆಯಲ್ಲಿ ಅರವತ್ತು ಜನ. ಒಬ್ಬರಾದ ಮೇಲೆ ಒಬ್ಬರು ಎದ್ದು ಕಳವಳ ವ್ಯಕ್ತಪಡಿಸಿದರು: ಸ್ವಾತಂತ್ರ್ಯಕ್ಕೆ ಧಕ್ಕೆ ಬರಬಹುದು, ಮುಂದೆ ದುರುಪಯೋಗ ಆಗಬಹುದು. ಎರಡು ತಾಸು ಬರೀ ಬಹುದು, ಬಹುದು. ತನ್ನ ಸರದಿ ಬಂದಾಗ ಗಿರಿಜಾ ಬರೆದು ತಂದ ಹಾಳೆ ಮಡಚಿಟ್ಟು ತನ್ನ ಹರಕುಮುರುಕು ಗುಜರಾತಿಯಲ್ಲೇ ಹೇಳಿದಳು:

"ಬಹುದು ಅಲ್ಲ, ಆಗಿದೆ. ನನ್ನ ಮನೆಗೆ ಬಂದಿದ್ದರು. ನನ್ನ ಕಪಾಟು ತೆಗೆದರು. ನೀವು ಊಟ ಮುಗಿಸಿ ಮನೆಗೆ ಹೋಗುತ್ತೀರಿ, ನಾಳೆ ಪತ್ರಿಕೆಯಲ್ಲಿ ನಿಮ್ಮ ಫೋಟೋ ಬರುತ್ತದೆ. ನನ್ನ ಹೆಸರು ಮಾತ್ರ ಆ ಪಟ್ಟಿಯಲ್ಲೇ ಇರುತ್ತದೆ. ಕಳವಳ ನನಗೆ ಬೇಡ. ನನ್ನ ಜೊತೆ ಕೋರ್ಟಿಗೆ ಯಾರು ಬರುತ್ತೀರಿ, ಅದನ್ನು ಹೇಳಿ."

ಕೆಲವರಿಗೆ ಕೋಪ ಬಂತು. ಸುಬ್ರಹ್ಮಣ್ಯರು ಮಾತ್ರ ಎದ್ದು ನಿಂತು, "ಬೈಸಿಕೊಳ್ಳೋ ಹಾಗೇ ಇದ್ದೀವಿ ತಾಯಿ. ನಾನು ಬರ್ತೀನಿ" ಎಂದರು. ಅವರ ಹಿಂದೆ ಸೂರತ್ತಿನಿಂದ ಬಂದಿದ್ದ ರೋಹಿತ್ ಎಂಬ ಕಸೂತಿ ಯಂತ್ರದ ವ್ಯಾಪಾರಿ ಕೈಯೆತ್ತಿದ. ಅವನ ಅಣ್ಣನದೇ ಹೆಸರಿನ ಯಾವನೋ ಬೇರೆ ದೇಶದಲ್ಲಿ ವಂಚನೆ ಮಾಡಿದ್ದಕ್ಕೆ ಅಣ್ಣ ಹನ್ನೊಂದು ದಿನ ಒಳಗಿದ್ದು ಬಂದಿದ್ದ. ಅಂದಿನಿಂದ ಮಾತು ಬಿಟ್ಟಿದ್ದ. ಹುಡುಕುತ್ತ ಹೋದಂತೆ ಇಂಥವರು ಮೂರು ಊರುಗಳಲ್ಲಿ ಒಂಬತ್ತು ಜನ ಸಿಕ್ಕರು. ಎಲ್ಲರಿಗೂ ಆಗಿದ್ದು ಹೆಚ್ಚು ಕಡಿಮೆ ಒಂದೇ, ಎಲ್ಲರೂ ಮನೆಯ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡವರೇ.

ಕೆಲಸವೂ ಸೂರತ್ತಿನಲ್ಲೇ ಸಿಕ್ಕಿತು. ಪಾಂಡೇಸರಾದ ಒಂದು ಬಣ್ಣ ಹಾಕುವ ಗಿರಣಿಯವರು ವಿದೇಶಕ್ಕೆ ಏನೂ ಕಳಿಸುತ್ತಿರಲಿಲ್ಲ. ಪಟ್ಟಿಯ ಭಯ ಅವರಿಗಿರಲಿಲ್ಲ. ಸೀರೆಯ ಅಂಚಿಗೆ ಬಣ್ಣ ಕೂರಿಸಲು ಗಿರಿಜಾಬೆನ್ ಇದ್ದರೆ ಸಾಕಾಗಿತ್ತು. ವಾರದ ದಿನಗಳಲ್ಲಿ ಅವಳು ಅಲ್ಲೇ ಪೂರ್ವಿಯ ಮನೆಯಲ್ಲಿರುತ್ತಿದ್ದಳು. ಬೆಳಿಗ್ಗೆ ಲ್ಯಾಬಿಗೆ ಹೋಗಿ ಹಳೆಯ ಯಾವುದೋ ಹಸಿರಿನ ಲೆಕ್ಕ ನೆನಪಾಗದೆ ಒದ್ದಾಡುವಾಗ, ನೋಟ್‌ಬುಕ್ಕಿನ ಪುಟ ಕಣ್ಣಿಗೆ ಕಟ್ಟುತ್ತಿತ್ತು, ಅಂಕಿ ಮಾತ್ರ ಕಾಣುತ್ತಿರಲಿಲ್ಲ. ಆಗ ಅವಳು ಎದುರಿಗೆ ಬಂದವರ ಮೇಲೆ ಹರಿಹಾಯುತ್ತಿದ್ದಳು.

ನೋಟ್‌ಬುಕ್ಕುಗಳು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಬ್ಯೂರೋದಿಂದ ಮೂರು ಸಾಲಿನ ಮಿಂಚಂಚೆ ಬಂತು. ನಿಮ್ಮ ಹೆಸರು ಈಗ ನಮ್ಮ ದಾಖಲೆಯಲ್ಲಿಲ್ಲ. ಇದರಿಂದ ನಮ್ಮಲ್ಲಿ ತಪ್ಪಾಗಿತ್ತು ಎಂದು ಅರ್ಥವಲ್ಲ. ವಶಪಡಿಸಿಕೊಂಡ ವಸ್ತುಗಳ ಬಗ್ಗೆ ಪತ್ರವ್ಯವಹಾರ ಸಾಧ್ಯವಿಲ್ಲ. ಕೆಳಗೆ ಯಾರ ಹೆಸರೂ ಇರಲಿಲ್ಲ.

ಕೃಷ್ಣಮೂರ್ತಿ ಆ ಭಾನುವಾರವೇ ಪೇಡೆ ಹಿಡಿದು ಸೂರತ್ತಿಗೆ ಬಂದ. "ಮುಗೀತಲ್ಲ, ದೇವರು ದೊಡ್ಡಾವ" ಎಂದ.

"ಏನ್ರೀ ಮುಗೀತು?" ಗಿರಿಜಾಳ ದನಿ ಏರಿತು. "ತಪ್ಪಾತು ಅಂತ ಒಂದು ಮಾತು ಅದ ಏನು ಇದರಾಗ? ನನ್ನ ನೋಟ್‌ಬುಕ್ ಎಲ್ಲಿ? ನನ್ನ ಕೆಲಸ ಎಲ್ಲಿ?"

"ಎಷ್ಟಂತ ಗುದ್ದಾಡ್ತಿ? ಅವರು ಯಾರ ಕೈಗೂ ಸಿಗೂ ಮಂದಿ ಅಲ್ಲ. ವಯಸ್ಸಾತು ನಮಗ."

"ಪಪ್ಪಾ, ಮಮ್ಮಿಗೆ ಬಿಡಿ ಹೇಳಬೇಡ," ಎಂದಳು ಪೂರ್ವಿ ತನ್ನ ತಪ್ಪುತಪ್ಪು ಕನ್ನಡದಲ್ಲಿ. "ಅವರು ಸಾರಿ ಬರೆಯಲಿಲ್ಲ ನಾ? ಮಮ್ಮಿ ಕರೆಕ್ಟ್ ಇದೆ."

ಪೇಡೆಯ ಪೆಟ್ಟಿಗೆಯನ್ನು ಆ ದಿನ ಯಾರೂ ಬಿಚ್ಚಲಿಲ್ಲ.

ನಿಕಿತಾ ಎರಡನೆಯ ಅರ್ಜಿಯನ್ನು ಬೇರೆ ದಾರಿಯಲ್ಲಿ ಬರೆದಿದ್ದಳು. ಬ್ಯೂರೋದ ಹೆಸರೇ ಅದರಲ್ಲಿ ಎದುರಾಳಿಯಾಗಿರಲಿಲ್ಲ. ಕೇಳಿದ್ದು ಒಂದೇ: ವಾರಂಟಿಲ್ಲದೆ ಮನೆಗೆ ನುಗ್ಗಲು ಅವರಿಗೆ ದಾರಿ ತೋರಿಸಿದ ನಮ್ಮವರು ಯಾವ ಕಾನೂನಿನ ಪ್ರಕಾರ ತೋರಿಸಿದರು? ಒಂಬತ್ತು ಜನರೂ ಸಹಿ ಹಾಕಿದ್ದರು. ವಿಚಾರಣೆಯ ದಿನ ವಡೋದರದಿಂದ ಸುಬ್ರಹ್ಮಣ್ಯರ ಜೊತೆ ಇಪ್ಪತ್ತು ಜನ ಬಂದು ಹಿಂದಿನ ಬೆಂಚುಗಳಲ್ಲಿ ಕೂತರು. ಈ ಸಲ ನ್ಯಾಯಾಧೀಶರು ಅರ್ಜಿಯನ್ನು ಪೂರ್ತಿ ಓದಿದರು. ಪರದೇಶದ ಅಧಿಕಾರಿಗೆ ರಕ್ಷಣೆ ಇರಬಹುದು, ಆದರೆ ಅವನ ಜೊತೆಗೆ ಹೋದ ನಮ್ಮ ಅಧಿಕಾರಿಗೆ ಅದು ಎಲ್ಲಿಂದ ಬಂತು ಎಂದು ಸರ್ಕಾರದ ವಕೀಲರನ್ನು ಕೇಳಿದರು. ಅವರು ಕಾಲಾವಕಾಶ ಕೇಳಿದರು. ಇನ್‌ಸ್ಪೆಕ್ಟರ್ ನಿತಿನ್‌ಭಾಯ್ ಪ್ರಮಾಣಪತ್ರ ಸಲ್ಲಿಸಬೇಕು, ನೋಟ್‌ಬುಕ್ಕುಗಳು ಎಲ್ಲಿವೆ ಎಂಬುದನ್ನು ಸರ್ಕಾರ ವಿಚಾರಿಸಿ ತಿಳಿಸಬೇಕು ಎಂದು ಆದೇಶವಾಯಿತು.

ಹೊರಗಿನ ಪಡಸಾಲೆಯಲ್ಲಿ ನಿತಿನ್‌ಭಾಯ್ ಅವಳನ್ನು ತಡೆದ. ಮೈ ಇಳಿದು ಹೋಗಿತ್ತು.

"ಬೆನ್, ನನಗೆ ಸರ್ವೀಸು ಇನ್ನು ಎರಡು ವರ್ಷ. ನಾನು ನಿಮಗೆ ಒಂದು ಕೆಟ್ಟ ಮಾತು ಆಡಿದೆನೇ? ಮೇಲಿನಿಂದ ಫೋನ್ ಬಂತು, ಜೊತೆಗೆ ಹೋದೆ. ಮಾಡಿದವರು ಅವರು. ನನ್ನನ್ನು ಯಾಕೆ ಎಳೆಯುತ್ತೀರಿ?"

ಗಿರಿಜಾಗೆ ಅವನ ಮೇಲೆ ಕನಿಕರ ಹುಟ್ಟಿತು. ಹಾಗೆ ಹುಟ್ಟಿದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ವಿಮಾನ ನಿಲ್ದಾಣದಲ್ಲಿ ನಕ್ಕವನು ಈಗ ಯಾವ ಊರಿನ ಯಾವ ಕೋಣೆಯಲ್ಲಿ ಯಾರನ್ನು ಕೂರಿಸಿಕೊಂಡಿದ್ದಾನೋ. ಅವನಿಗೆ ಈ ಪಡಸಾಲೆ ತುಳಿಯುವ ಗತಿ ಎಂದೂ ಬರುವುದಿಲ್ಲ.

"ಅವರು ನನ್ನ ಕೈಗೆ ಸಿಗದ ಹಾಗೆ ನಿಮ್ಮವರೇ ಮಾಡಿಟ್ಟಿದ್ದಾರೆ ನಿತಿನ್‌ಭಾಯ್," ಎಂದಳು. "ಸಿಕ್ಕಿದ್ದು ನೀವು. ಯಾರು ಫೋನ್ ಮಾಡಿದರು ಅಂತ ಪ್ರಮಾಣಪತ್ರದಲ್ಲಿ ಬರೆಯಿರಿ. ಆಗ ನಾನು ಅವರ ಹಿಂದೆ ಹೋಗುತ್ತೇನೆ, ನಿಮ್ಮನ್ನು ಬಿಡುತ್ತೇನೆ."

ಅವನು ತಲೆ ತಗ್ಗಿಸಿದ. ಪ್ರಮಾಣಪತ್ರಕ್ಕೆ ಎಷ್ಟು ದಿನ ಇದೆ ಎಂದಷ್ಟೇ ಕೇಳಿದ.

ಮುಂದಿನ ತಾರೀಕು ಮೂರು ತಿಂಗಳ ಆಚೆಗೆ ಬಿದ್ದಿತ್ತು. ಮೂರು ತಿಂಗಳು ಯಾಕೆ, ಒಂದು ವಾರ ಸಾಲದೇ ಎಂದು ಗಿರಿಜಾ ನಿಕಿತಾಳ ಮೇಲೆ ರೇಗಿದಳು. ನಿಕಿತಾ ತಾಳ್ಮೆಯಿಂದ ಕೇಳಿಸಿಕೊಂಡಳು. ಕೃಷ್ಣಮೂರ್ತಿ ಅಷ್ಟು ದೂರದಲ್ಲಿ ನಿಂತು ಆದೇಶದ ನಕಲು ಪಡೆಯುವ ಸಾಲಿನಲ್ಲಿ ತಾನಾಗಿಯೇ ಜಾಗ ಹಿಡಿದಿದ್ದ. ಮುಂದಿದ್ದವನೊಬ್ಬ ಏನು ಕೇಸು ಎಂದು ಕೇಳಿದಾಗ, "ನಮ್ಮ ಮನೆಯವರದು. ಬಿಡುವವಳಲ್ಲ ಅವಳು" ಎಂದು ಹಿಂದಿಯಲ್ಲಿ ಹೇಳುತ್ತಿದ್ದುದು ಗಿರಿಜಾಗೆ ಕೇಳಿಸಿತು. ಮರುದಿನ ಪಾಂಡೇಸರಾದಲ್ಲಿ ಹೊಸ ಬ್ಯಾಚು ಶುರುವಾಗುವುದಿತ್ತು. ಅವಳು ಚೀಲ ಹೆಗಲಿಗೇರಿಸಿ, ಸೂರತ್ತಿನ ರೈಲಿಗೆಂದು ಮಣಿನಗರದ ಸ್ಟೇಶನ್ನಿಗೆ ಆಟೋ ಹಿಡಿದಳು.