ಹಂಗಾತಂದ್ರ ಬಾಯಿಯ ಇನ್ನೊಂದು ಗಂಟು

ನವನಗರದ ಕಿಡ್ನಿ ದವಾಖಾನೆಗೆ ಹೋಗಿ ಮುಬಶೀರಾ ಎಲ್ಲಿ ಎಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ‘ಹಂಗಾತಂದ್ರ ಬಾಯಿ’ ಅನ್ನಿ, ಗೇಟಿನವನೂ ನಕ್ಕು ಒಳಗಿನ ಕೋಣೆ ತೋರಿಸುತ್ತಾನೆ. ಅಲ್ಲಿನ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿಯಲ್ಲಿವೆ. ಕರೆಂಟು ಹೋದರೆ ಜನರೇಟರ್ ಇದೆಯಲ್ಲ ಎಂದು ನಾವು ಸಮಾಧಾನ ಹೇಳಿದರೆ, “ಅದೂ ಕೆಟ್ಟಿತ್ತಂತ ತಿಳ್ಕೋರಿ. ಹಂಗಾತಂದ್ರ?” ಅನ್ನುತ್ತಾಳೆ. ಮದುವೆಯ ಊಟಕ್ಕೆ ಕೂತರೂ ಮೊದಲು ಪೆಂಡಾಲಿನ ಗೂಟ ಅಲುಗಾಡಿಸಿ ನೋಡುವ ಪೈಕಿ. ದವಾಖಾನೆಯ ಎದುರಿಗೇ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಅವಳ ಜೊತೆ ಚಹಾ ಕುಡಿಯುವುದೆಂದರೆ ಭಯ. ಇಲ್ಲದ ಚಿಂತೆಯೊಂದನ್ನು ಹಚ್ಚಿಯೇ ಎದ್ದು ಹೋಗುತ್ತಾಳೆ.

ಈ ಗುಣ ಅವಳಿಗೆ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಿಂದ ಬಂದದ್ದು. ಹಳೇ ಬಾಗಲಕೋಟೆಯ ಮನೆ ಬಿಡಬೇಕಾದಾಗ ಅವಳ ತಂದೆ ಫಕ್ರುಸಾಬರು ಸಾಮಾನನ್ನೆಲ್ಲ ಎರಡು ಪಾಲು ಮಾಡಿದರು. ಒಂದು ಪಾಲು ನವನಗರಕ್ಕೆ, ಇನ್ನೊಂದು ಗಂಟು ಇಳಕಲ್ಲಿನ ತಂಗಿಯ ಮನೆಗೆ. ಓಣಿಯವರು ನಕ್ಕರು. ನವನಗರಕ್ಕೆ ಹೊರಟ ಟ್ರ್ಯಾಕ್ಟರ್ ತಿರುವಿನಲ್ಲಿ ಮಗುಚಿ ಪಾತ್ರೆಪಗಡೆಯೆಲ್ಲ ನಜ್ಜುಗುಜ್ಜಾದ ಮೇಲೆ ನಗು ನಿಂತಿತು. ಹೊಸ ಮನೆಯಲ್ಲಿ ಮೊದಲ ಅಡುಗೆ ಆದದ್ದು ಇಳಕಲ್ಲಿನಿಂದ ಬಂದ ಬೋಗುಣಿಗಳಲ್ಲಿ. “ಎಲ್ಲಾ ಒಂದ ಗಾಡ್ಯಾಗ ಹೇರಬಾರದವ್ವಾ” ಎಂದು ಅಪ್ಪ ಅಂದದ್ದು ಆ ಹುಡುಗಿಯ ಎದೆಯಲ್ಲಿ ಕೂತುಬಿಟ್ಟಿತು.

ದವಾಖಾನೆಯ ಕೆಲಸ ಸಿಕ್ಕ ಮೇಲೆ ಅವಳು ದೊಡ್ಡ ಡಾಕ್ಟರ್ ಅನಿಲಕುಮಾರರ ಬೆನ್ನು ಹತ್ತಿದಳು. ಯಾವ ರೋಗಿಗೆ ಯಾವ ಔಷಧ ಎಷ್ಟು, ಯಾರಿಗೆ ಯಾವ ಇಂಜೆಕ್ಷನ್ ಆಗಿಬರುವುದಿಲ್ಲ, ಎಲ್ಲವೂ ಒಂದೇ ಸರ್ವರಿನಲ್ಲಿದೆ. ಅದು ಹೋದರೆ ಡಯಾಲಿಸಿಸ್ಸಿಗೆ ಬರುವವರ ಗತಿ ಏನು? ಡಾಕ್ಟರು ಮೊದಲು ನಕ್ಕರು, ಆಮೇಲೆ ರೇಗಿದರು, ಕೊನೆಗೆ ಒಪ್ಪಿದರು. ಇಳಕಲ್ಲಿನಲ್ಲಿ ಅವರು ವಾರಕ್ಕೊಮ್ಮೆ ಕೂರುವ ಸಣ್ಣ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಎರಡನೇ ಸರ್ವರ್ ಕೂತಿತು. ಇಲ್ಲಿ ಬರೆದದ್ದರ ನಕಲು ತಾಸಿಗೊಮ್ಮೆ ಅಲ್ಲಿಗೆ ತಾನಾಗಿಯೇ ಹೋಗುತ್ತಿತ್ತು. ಇನ್ನೊಂದು ಗಂಟು ಕಟ್ಟಿದ ಸಮಾಧಾನದಲ್ಲಿ ಮುಬಶೀರಾ ಒಂದು ವಾರ ಯಾರನ್ನೂ ಹೆದರಿಸಲಿಲ್ಲ.

ಇಳಕಲ್ಲಿನ ಕ್ಲಿನಿಕ್ಕು ಗುಡಿಸಿ ಒರೆಸಿ ಬೀಗ ಹಾಕುವವರು ಚಂದವ್ವ. ಗಂಡ ಇರುವಾಗ ಮನೆಯಲ್ಲಿ ಮಗ್ಗ ಇತ್ತು. ಖಂಡೇಪೂಜೆಯ, ಅಂದರೆ ಮಹಾನವಮಿಯ ಆಯುಧಪೂಜೆಯ, ದಿನ ಮಗ್ಗಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಮರುದಿನ ದಸರೆಯ ಸಂಜೆ ಬನ್ನಿ ಮುಡಿಯುವವರೆಗೆ ಅದನ್ನು ಮುಟ್ಟುತ್ತಿರಲಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದೊಂದು ರಜೆ. ಹಿಂದಿನ ಕೋಣೆಯ ಸರ್ವರ್ ಪೆಟ್ಟಿಗೆಯೂ ದುಡಿಯುತ್ತದಲ್ಲ, ಅದರದೇನು ಪಾಪ? ಹೋದ ವರ್ಷ ಅದನ್ನೂ ಬಂದ್ ಮಾಡಿ ಪೂಜೆ ಮಾಡಿದರು. ಮುಬಶೀರಾ ಫೋನಿನಲ್ಲಿ ಬೈದ ಬೈಗುಳಕ್ಕೆ ಚಂದವ್ವ ಅತ್ತೇ ಬಿಟ್ಟರು. ಗೋಡೆಗೆ ದಪ್ಪಕ್ಷರದ ಚೀಟಿಯೂ ಬಿತ್ತು: ಎಂದಿಗೂ ಬಂದ್ ಮಾಡಬಾರದು.

ಈ ವರ್ಷ ಮಹಾನವಮಿಯ ಮಧ್ಯಾಹ್ನ ದವಾಖಾನೆಯಲ್ಲಿ ಯಾರೋ ಹಬ್ಬದ ಶುಭಾಶಯವೆಂದು ಬಂದ ಮೇಲ್ ತೆರೆದರು. ಮರುದಿನ, ದಸರೆಯ ಬೆಳಿಗ್ಗೆ, ಒಂದು ಫೈಲೂ ತೆರೆಯಲಿಲ್ಲ. ಎಲ್ಲಕ್ಕೂ ಬೀಗ ಹಾಕಿದ್ದೇವೆ, ತೆಗೆಯಬೇಕಾದರೆ ದುಡ್ಡು ಕೊಡಿ ಎಂಬ ಬೆದರಿಕೆ ಪರದೆಯ ಮೇಲೆ. ಸರ್ವರಿಗೆ ಹಾಕಿದ್ದ ಚೆಂಡು ಹೂವಿನ ಹಾರ ಇನ್ನೂ ಬಾಡಿರಲಿಲ್ಲ.

ಮುಬಶೀರಾ ವೈರುಗಳನ್ನೆಲ್ಲ ಕಿತ್ತು ಇಳಕಲ್ಲಿಗೆ ಫೋನ್ ಹಚ್ಚಿದಳು. “ಚಂದವ್ವಾರ, ಪೆಟಗಿ ಚಾಲೂ ಐತೇನ್ರಿ?”

“ಚಾಲೂ ಐತ್ರಿ ಬಾಯಾರ. ನಾ ಕೈ ಸೈತ ಹಚ್ಚಿಲ್ಲ.”

“ಅಯ್ಯೋ! ಈಗಿಂದೀಗ ವೈರ್ ಕಿತ್ತು ಬಿಡ್ರಿ!”

“ಕಿತ್ತೀನ್ರಿ” ಎಂದು ಉತ್ತರ ಬಂತು, ಉಸಿರು ಬಿಡುವಷ್ಟರಲ್ಲಿ.

ಮುಬಶೀರಾ ಫೋನ್ ಇಟ್ಟು ತಾಸುಗಳ ಲೆಕ್ಕ ಹಾಕಿದಳು. ತಾಸಿಗೊಮ್ಮೆ ನಕಲು ಹೋಗುತ್ತದೆ ಎಂದರೆ, ಹಾಳಾದದ್ದೂ ತಾಸಿಗೊಮ್ಮೆ ಹೋಗಿರುತ್ತದೆ. ಇಡೀ ರಾತ್ರಿ ಹೋಗಿರುತ್ತದೆ. ಎರಡು ಗಂಟನ್ನೂ ತಾನೇ ಒಂದು ಹಗ್ಗದಿಂದ ಬಿಗಿದಿಟ್ಟಿದ್ದೆನಲ್ಲ ಎಂದು ಆಗ ಹೊಳೆಯಿತು. ಹುನಗುಂದದಿಂದ ಡಯಾಲಿಸಿಸ್ಸಿಗೆ ಬಂದಿದ್ದ ಅಮಾತೆಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವನಿಗೆ ಒಂದು ಇಂಜೆಕ್ಷನ್ ಆಗಿಬರುವುದಿಲ್ಲ. ಯಾವುದೆಂದು ಅವನಿಗೇ ನೆನಪಿಲ್ಲ, ನರ್ಸ್ ಹೊಸಬಳು. ಅಂಥವರು ಇನ್ನೂ ಎಷ್ಟು ಜನವೋ.

ಮುಂದಿನದನ್ನು ನನಗೆ ಹೇಳಿದವರು ಡಾಕ್ಟರೇ. ತಮ್ಮ ಕಾರಿನಲ್ಲೇ ಅವಳನ್ನು ಕರೆದುಕೊಂಡು ಇಳಕಲ್ಲಿಗೆ ಹೊರಟರು. ಅಮೀನಗಡ ದಾಟಿತು. ಆಮೇಲೆ ಅವರೇ, “ನಿಮ್ಮ ಮಾತು ಕೇಳಿ ಎಲ್ಲಾ ಮಾಡಿದ್ವಿ. ಅದೂ ಹೋಗಿತ್ತಂದ್ರ ಏನು ಮಾಡೂದ್ರಿ?” ಅಂದರು. ಉಳಿದವರ ಬಾಯಿಂದ ಆ ಪ್ರಶ್ನೆ ಕೇಳುವುದು ಎಷ್ಟು ಕಷ್ಟವೆಂದು ಅವಳಿಗೆ ಅವತ್ತು ತಿಳಿಯಿತು.

ಕ್ಲಿನಿಕ್ಕಿನ ಬಾಗಿಲಲ್ಲಿ ಚಂದವ್ವ ಸೆರಗು ಹಿಂಡುತ್ತ ನಿಂತಿದ್ದರು. ಹಿಂದಿನ ಕೋಣೆಯಲ್ಲಿ ಒಂದು ದೀಪವೂ ಮಿನುಗುತ್ತಿರಲಿಲ್ಲ. ಸರ್ವರಿನ ಮೇಲೆ ವಿಭೂತಿ, ಕುಂಕುಮ, ಮುಂದೆ ಒಡೆದ ಕಾಯಿಯ ಎರಡು ಹೋಳು. ವೈರನ್ನು ನೀಟಾಗಿ ಸುತ್ತಿ ಪಕ್ಕದಲ್ಲಿಟ್ಟು ಅದಕ್ಕೂ ಒಂದು ಹೂ ಏರಿಸಿದ್ದರು. ಆ ಹೂ ಬಾಡಿ ಕಪ್ಪಾಗಿತ್ತು.

“ಇದನ್ನ ಯಾವಾಗ ಬಂದ್ ಮಾಡೀರಿ?” ಮುಬಶೀರಾ ಆ ಬಾಡಿದ ಹೂವನ್ನು ಎತ್ತಿ ಹಿಡಿದಳು.

“ತಪ್ಪಾತ್ರಿ ಬಾಯಾರ. ನಿನ್ನೆ ಮುಂಜಾನೆ ಪೂಜಿ ಸಲುವಾಗಿ ಬಂದ್ ಮಾಡಿದ್ದು. ಬೈತೀರಂತ ಸುಳ್ಳ ಹೇಳೀನ್ರಿ.”

ಮುಂಜಾನೆ. ಮೇಲ್ ತೆರೆದದ್ದು ಮಧ್ಯಾಹ್ನ. ಮುಬಶೀರಾ ಕರೆಂಟಿನ ವೈರು ಹಚ್ಚಿ ಗುಂಡಿ ಒತ್ತಲು ಕೈ ಚಾಚಿದಾಗ, “ಇನ್ನೂ ಬನ್ನಿ ಮುಡದಿಲ್ರೀ…” ಎಂದು ಚಂದವ್ವ ಗೊಣಗಿದರು. ಕೆಲಸ ನಿಲ್ಲುವುದಿಲ್ಲವೆಂದು ಕಂಡು ತಾವೇ ಒಂದು ಊದುಬತ್ತಿ ಹಚ್ಚಿ, ಪೆಟ್ಟಿಗೆಗೆ ಕೈಮುಗಿದು ಕ್ಷಮೆ ಕೇಳಿ, ದಾರಿ ಬಿಟ್ಟರು. ನವನಗರದ ಜೊತೆ ಕೂಡಿಸುವ ವೈರು ಹಚ್ಚದೆಯೇ ಸರ್ವರ್ ಎದ್ದಿತು. ಹಿಂದಿನ ಬೆಳಿಗ್ಗೆಯವರೆಗಿನ ಒಂದೊಂದು ಹೆಸರೂ ಇತ್ತು. ಅಮಾತೆಪ್ಪನಿಗೆ ಆಗಿಬಾರದ ಇಂಜೆಕ್ಷನ್ನೂ ಕೆಂಪಕ್ಷರದಲ್ಲಿ ಇತ್ತು. ಡಾಕ್ಟರು ತಕ್ಷಣ ನರ್ಸಿಗೆ ಫೋನ್ ಮಾಡಿದರು.

ಮುಬಶೀರಾ ನೆಲಕ್ಕೆ ಕೂತು ಅತ್ತಳು. ಎಲ್ಲದಕ್ಕೂ ಮುಂಚಿತವಾಗಿಯೇ ಹೆದರಿಟ್ಟುಕೊಳ್ಳುವ ಹೆಂಗಸು, ಹೀಗೊಂದು ಒಳ್ಳೆಯದಾಗಬಹುದೆಂದು ಮಾತ್ರ ಎಂದೂ ಎಣಿಸಿರಲಿಲ್ಲ. ಎದ್ದವಳೇ ಗೋಡೆಯ ಚೀಟಿ ಕಿತ್ತಳು. ಈಗ ಅಲ್ಲಿ ಮೂರನೇ ನಕಲೂ ಇದೆ. ವಾರಕ್ಕೊಮ್ಮೆ ಬರೆದು, ವೈರು ಕಿತ್ತು, ಕಪಾಟಿನಲ್ಲಿಡುವುದು. ಕೀಲಿ ಚಂದವ್ವನವರ ಸೊಂಟದಲ್ಲಿರುತ್ತದೆ.

ಅವತ್ತು ಸಂಜೆ ಚಂದವ್ವ ಬನ್ನಿ ತಂದು ಅವಳ ಕೈಗಿಟ್ಟು, “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ” ಅಂದರು. ಆಮೇಲೆ ಅಳುಕುತ್ತ, “ಸುಳ್ಳ ಹೇಳಿದ್ದಕ್ಕ ಬೈಯೂದಿಲ್ಲೇನ್ರಿ?”

“ಬೈತೇನ್ರಿ ಚಂದವ್ವಾರ, ಬಿಡ್ತೇನೇನು? ನಾಳೆ ಬೈತೇನಿ. ಇವತ್ತ ಅಳೂದು ಮುಗೀಲಿ.”